ಲಾಟೀನು ಎಲ್ಲಿದೆ ಅಂತ ರೈಟರಿಗೆ ಹೇಗೆ ಗೊತ್ತು?

(ಸಂಪಾದಕರ ಉತ್ತರ)

ಮೊದಲೇ ಒಂದು ಮಾತು. ಅಗಾಥಾ ಕ್ರಿಸ್ಟಿಯವರ 'ದಿ ಮರ್ಡರ್ ಆಫ್ ರೋಜರ್ ಆಕ್ರಾಯ್ಡ್' ಕಾದಂಬರಿಯನ್ನು ಇನ್ನೂ ಓದದವರು ದಯವಿಟ್ಟು ಈ ಪುಟವನ್ನು ಪಕ್ಕಕ್ಕಿಡಿ. ಅದನ್ನು ಓದಿ ಮುಗಿಸಿ ಆಮೇಲೆ ಬನ್ನಿ. ಕೊಲೆ ಮಾಡಿದವರು ಯಾರು ಅಂತ ಇಲ್ಲಿ ಹೇಳಲೇಬೇಕಾಗಿದೆ.

ಸಕಲೇಶಪುರದ ಓದುಗ ಮಿತ್ರರೇ, ನಮಸ್ಕಾರ.

ನಿಮ್ಮ ಪತ್ರ ಬಂದು ಹತ್ತು ದಿನವಾಯಿತು. ಕೋಪದಲ್ಲಿ ಬರೆದಿದ್ದೀರಿ, ಆದರೆ ಎಲ್ಲೂ ಮಾತು ಕೆಡಿಸಿಲ್ಲ. ಬೇರೆಯವರಿಗೂ ವಿಷಯ ಗೊತ್ತಾಗಲಿ ಅಂತ ನಿಮ್ಮ ದೂರನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಧಾರಾವಾಹಿಯಾಗಿ ಹಾಕಿ ಅಂತ ನಿಮ್ಮ ಪತ್ತೇದಾರಿ ಕಾದಂಬರಿ ಕಳಿಸಿದ್ದಿರಿ. 'ಕೊನೆಯ ತಿರುವು ಓದುಗರಿಗೆ ಮಾಡಿದ ಮೋಸ' ಅಂತ ಒಂದೇ ಸಾಲು ಬರೆದು ನಾನು ವಾಪಸ್ ಮಾಡಿದೆ. ಅದೇ ತಿಂಗಳ ಸಂಚಿಕೆಯಲ್ಲಿ ಕ್ರಿಸ್ಟಿಯವರ ಈ ಕಾದಂಬರಿಯನ್ನು ಬಾಯ್ತುಂಬ ಹೊಗಳಿದೆ. 'ಕಥೆ ಹೇಳುವವನನ್ನೇ ಅವರು ಕೊಲೆಗಾರ ಮಾಡಿದರೆ ಜಾಣತನ, ಎಸ್ಟೇಟಿನ ಲೆಕ್ಕ ಬರೆಯುವ ರೈಟರನ್ನು ನಾನು ಕೊಲೆಗಾರ ಮಾಡಿದರೆ ಮೋಸವಾ? ಇದು ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ' ಅಂತ ಕೇಳಿದ್ದೀರಿ.

ನ್ಯಾಯವಾಗಿಯೇ ಕೇಳಿದ್ದೀರಿ. ಇಪ್ಪತ್ತೇಳು ಅಧ್ಯಾಯ ಕೈಯಾರೆ ಬರೆದು ಕಳಿಸಿದವರಿಗೆ ಒಂದು ಸಾಲಿನ ಉತ್ತರ ಕೊಟ್ಟದ್ದು ನನ್ನ ತಪ್ಪು. ಮೋಸ ಅಂದರೆ ಏನು, ಯಾಕೆ ಹಾಗಂದೆ ಅಂತ ಅವತ್ತೇ ಬಿಡಿಸಿ ಹೇಳಬೇಕಿತ್ತು. ಈಗ ಹೇಳುತ್ತೇನೆ. ಅದಕ್ಕೆ ಮೊದಲು ಇಂಗ್ಲೆಂಡಿನ ಆ ಹಳ್ಳಿಗೆ ಹೋಗಿ ಬರೋಣ.

ಹಳ್ಳಿಯ ಹೆಸರು ಕಿಂಗ್ಸ್ ಅಬಾಟ್. ಕಾದಂಬರಿ ಬಂದದ್ದು 1926ರಲ್ಲಿ. ಊರಿನ ಡಾಕ್ಟರು ಶೆಪರ್ಡ್ ನಮಗೆ ಕಥೆ ಹೇಳುತ್ತಾರೆ. ಫೆರಾರ್ಸ್ ಅನ್ನೋ ವಿಧವೆ ನಿದ್ದೆ ಔಷಧಿ ಜಾಸ್ತಿ ತಗೊಂಡು ಸತ್ತಿದ್ದಾಳೆ. ಗಂಡನಿಗೆ ವಿಷ ಹಾಕಿದವಳು ಅವಳೇ. ಆ ಗುಟ್ಟು ಹಿಡಿದುಕೊಂಡು ಯಾರೋ ಅವಳಿಂದ ದುಡ್ಡು ಕೀಳುತ್ತಿದ್ದರು. ಸಾಯುವ ಮುಂಚೆ ಅವಳು ಊರಿನ ಸಿರಿವಂತ ರೋಜರ್ ಆಕ್ರಾಯ್ಡ್‌ಗೆ ಒಂದು ಕಾಗದ ಬರೆದಿದ್ದಾಳೆ. ದುಡ್ಡು ಕಿತ್ತವನ ಹೆಸರು ಅದರಲ್ಲಿದೆ.

ಇನ್ನು ಆ ಹತ್ತು ನಿಮಿಷ. ದಯವಿಟ್ಟು ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ರಾತ್ರಿ ಊಟ ಆಗಿದೆ. ಆಕ್ರಾಯ್ಡ್ ಮತ್ತು ಡಾಕ್ಟರು ಓದುವ ಕೋಣೆಯಲ್ಲಿ ಕೂತಿದ್ದಾರೆ. 8 ಗಂಟೆ 40 ನಿಮಿಷಕ್ಕೆ ಆ ಕಾಗದ ಒಳಗೆ ಬರುತ್ತದೆ. ಆಕ್ರಾಯ್ಡ್ ಓದಲು ಶುರು ಮಾಡಿ, ಹೆಸರು ಬರುವ ಹೊತ್ತಿಗೆ ನಿಲ್ಲಿಸುತ್ತಾನೆ. ಉಳಿದದ್ದನ್ನು ಒಬ್ಬನೇ ಇದ್ದಾಗ ಓದುತ್ತೇನೆ ಅನ್ನುತ್ತಾನೆ. ಈಗಲೇ ಓದು ಅಂತ ಡಾಕ್ಟರು ಒತ್ತಾಯ ಮಾಡಿದರೂ ಒಪ್ಪುವುದಿಲ್ಲ. ಆಮೇಲೆ ಡಾಕ್ಟರು ಬರೆಯುವುದು ಇಷ್ಟೇ: ತಾನು ಅಲ್ಲಿಂದ ಹೊರಟಾಗ 8 ಗಂಟೆ 50 ನಿಮಿಷ, ಕಾಗದ ಇನ್ನೂ ಓದದೆ ಹಾಗೇ ಇತ್ತು. ಬಾಗಿಲ ಹಿಡಿ ಮೇಲೆ ಕೈಯಿಟ್ಟು ಒಮ್ಮೆ ಹಿಂದೆ ತಿರುಗಿ ನೋಡಿದೆ, ಮಾಡಬೇಕಾದ್ದು ಏನಾದರೂ ಬಾಕಿ ಉಳಿಯಿತಾ ಅಂತ ಯೋಚಿಸಿದೆ.

ಮೊದಲ ಸಲ ಓದಿದಾಗ ಇದರಲ್ಲಿ ಏನೂ ಕಾಣುವುದಿಲ್ಲ. ಸ್ನೇಹಿತನ ಬಗ್ಗೆ ಚಿಂತೆ ಮಾಡುವ ಒಬ್ಬ ಒಳ್ಳೆ ಡಾಕ್ಟರು ಕಾಣುತ್ತಾರೆ, ಅಷ್ಟೇ. ಎರಡನೇ ಸಲ ಓದಿ ನೋಡಿ, ಮೈ ಜುಮ್ಮೆನ್ನುತ್ತದೆ. ದುಡ್ಡು ಕಿತ್ತವನು ಡಾಕ್ಟರೇ. ಆ ಹತ್ತು ನಿಮಿಷದಲ್ಲೇ ಕೊಲೆ ಆಗಿಹೋಗಿದೆ. ಹಿಂದೆ ತಿರುಗಿ ನೋಡುವವನು ತಾನು ಕೊಂದ ಹೆಣವನ್ನೇ ನೋಡುತ್ತಿದ್ದಾನೆ. ಆದರೂ ಸಾಲಿನಲ್ಲಿ ಒಂದು ಸುಳ್ಳೂ ಇಲ್ಲ. ಕಾಗದ ಬಂದ ಹೊತ್ತು ನಿಜ. ಹೊರಟ ಹೊತ್ತು ನಿಜ. ಬಾಕಿ ಏನಾದರೂ ಉಳಿಯಿತಾ ಅಂತ ನೋಡಿದ್ದೂ ನಿಜ. ನಡುವೆ ಏನಾಯಿತು ಅಂತ ನಾವು ಕೇಳಲಿಲ್ಲ. ಆತ ಹೇಳಲಿಲ್ಲ.

ಮತ್ತೆ ಆ ಕುರ್ಚಿ. ಹೆಣ ಸಿಕ್ಕಾಗ ಕೋಣೆಯಲ್ಲಿ ಒಂದು ದೊಡ್ಡ ಕುರ್ಚಿ ಗೋಡೆಯ ಪಕ್ಕದಿಂದ ಮುಂದಕ್ಕೆ ಬಂದಿತ್ತು, ಆಮೇಲೆ ಯಾರೋ ಅದನ್ನು ಹಿಂದಕ್ಕೆ ಸರಿಸಿದ್ದರು ಅಂತ ಬಟ್ಲರ್ ಪಾರ್ಕರ್ ಹೇಳುತ್ತಾನೆ. ಎಲ್ಲರೂ ಕೇಳಿ ಸುಮ್ಮನಾಗುತ್ತಾರೆ. ಪತ್ತೇದಾರ ಪ್ವಾರೋ ಒಬ್ಬನೇ ಅದನ್ನು ಬಿಡುವುದಿಲ್ಲ. ಬಾಗಿಲಲ್ಲಿ ನಿಂತವರಿಗೆ ಮೇಜಿನ ಮೇಲಿದ್ದ, ದನಿ ಹಿಡಿದಿಟ್ಟು ಮತ್ತೆ ಕೇಳಿಸುವ ಡಿಕ್ಟಾಫೋನ್ ಕಾಣಬಾರದು ಅಂತ ಆ ಕುರ್ಚಿ ಎಳೆದದ್ದು. ರಾತ್ರಿ ಒಂಬತ್ತೂವರೆಗೆ ಆಕ್ರಾಯ್ಡ್ ಮಾತಾಡುತ್ತಿದ್ದ ಅಂತ ಎಲ್ಲರೂ ನಂಬಿದ್ದರಲ್ಲ, ಅದು ಆ ಯಂತ್ರದ ದನಿ. ಹೆಣ ಸಿಕ್ಕ ಮೇಲೆ ಅಲ್ಲಿ ಮಾಡಬೇಕಾಗಿದ್ದ ಚೂರುಪಾರು ಕೆಲಸ ಮಾಡಿದೆ ಅಂತ ಡಾಕ್ಟರು ಬರೆದಿದ್ದಾರೆ. ಡಾಕ್ಟರು ಅಂದಮೇಲೆ ಹೆಣ ನೋಡುವ ಕೆಲಸ ಇರಬೇಕು ಅಂದುಕೊಂಡು ನಾವು ಮುಂದೆ ಹೋಗುತ್ತೇವೆ. ಆ ಕೆಲಸ ಯಂತ್ರವನ್ನು ಬ್ಯಾಗಿಗೆ ಹಾಕಿಕೊಳ್ಳುವುದು, ಕುರ್ಚಿಯನ್ನು ಅದರ ಜಾಗಕ್ಕೆ ತಳ್ಳುವುದು.

ನೋಡಿ, ಎಲ್ಲವೂ ನಮ್ಮ ಕಣ್ಣ ಮುಂದೆಯೇ ಇತ್ತು. ಕ್ರಿಸ್ಟಿ ಯಾವುದನ್ನೂ ಬಚ್ಚಿಡಲಿಲ್ಲ. ಬೇರೆ ಕಡೆ ನೋಡುವ ಹಾಗೆ ಮಾಡಿದರು. ನನ್ನ ಮಟ್ಟಿಗೆ ತಿರುವಿಗೂ ಮೋಸಕ್ಕೂ ಇರುವ ವ್ಯತ್ಯಾಸ ಇದೇ. ತಿರುವು ಗೊತ್ತಾದ ಮೇಲೆ ಪುಸ್ತಕವನ್ನು ಮತ್ತೆ ಮೊದಲಿಂದ ಓದಬೇಕು ಅನ್ನಿಸಬೇಕು. ಮೋಸ ಗೊತ್ತಾದರೆ ಪುಸ್ತಕ ಮುಚ್ಚಿಡಬೇಕು ಅನ್ನಿಸುತ್ತದೆ.

ಇದನ್ನು ಎಲ್ಲರೂ ಒಪ್ಪಲಿಲ್ಲ ಅನ್ನೋದನ್ನೂ ಹೇಳಬೇಕು. ಪ್ವಾರೋ ಕಥೆಗಳಲ್ಲಿ ಅಲ್ಲಿಯವರೆಗೆ ಪಕ್ಕದಲ್ಲಿ ನಿಂತು ಕಥೆ ಹೇಳುತ್ತಿದ್ದವನು ಹೇಸ್ಟಿಂಗ್ಸ್. ಸ್ವಲ್ಪ ಮಂದ, ಆದರೆ ಅಪ್ಪಟ ಪ್ರಾಮಾಣಿಕ. ಈ ಕಾದಂಬರಿಯಲ್ಲಿ ಅವನಿಲ್ಲ, ಅವನ ಜಾಗದಲ್ಲಿ ಡಾಕ್ಟರು ಬಂದು ಕೂತಿದ್ದಾರೆ. ನಾವು ಆ ಜಾಗವನ್ನು ನಂಬಿದೆವು, ಕೂತವನು ಯಾರು ಅಂತ ನೋಡಲಿಲ್ಲ. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನೋ ಪಾದ್ರಿ, ಅವರೂ ಪತ್ತೇದಾರಿ ಕಥೆ ಬರೆಯುತ್ತಿದ್ದವರು, ಈ ಬಗೆಯ ಕಥೆಗಳಿಗೆ ಹತ್ತು ಕಟ್ಟಳೆ ಬರೆದರು. ಮೊದಲನೆಯದೇ ಇದು: ಅಪರಾಧಿ ಕಥೆಯ ಶುರುವಿನಲ್ಲೇ ಬಂದಿರಬೇಕು, ಆದರೆ ಓದುಗರು ಯಾರ ಮನಸ್ಸಿನೊಳಗೆ ಹೊಕ್ಕು ನೋಡಿದ್ದಾರೋ ಅವನು ಆಗಿರಬಾರದು. ಇದರ ಎರಡನೇ ಅರ್ಧವನ್ನು ಕ್ರಿಸ್ಟಿ ಮೂರು ವರ್ಷ ಮುಂಚೆಯೇ ಮುರಿದಾಗಿತ್ತು. ಮೊದಲನೇ ಅರ್ಧವನ್ನು ಮಾತ್ರ ಅವರು ಬಿಗಿಯಾಗಿ ಹಿಡಿದಿದ್ದರು. ಡಾಕ್ಟರು ಒಂದನೇ ಪುಟದಿಂದಲೂ ಇದ್ದಾರೆ. 2013ರಲ್ಲಿ ಬ್ರಿಟನ್ನಿನ ಕ್ರೈಮ್ ರೈಟರ್ಸ್ ಅಸೋಸಿಯೇಷನ್ನಿನ ಲೇಖಕರು ಮತ ಹಾಕಿ ಇದುವರೆಗಿನ ಅತ್ಯುತ್ತಮ ಪತ್ತೇದಾರಿ ಕಾದಂಬರಿ ಅಂತ ಆರಿಸಿದ್ದು ಇದನ್ನೇ.

ಇನ್ನು ವೇಷದ ವಿಷಯ. ನಿಮ್ಮ ರೈಟರ್ ಹೆಸರು ಬದಲಾಯಿಸಿಕೊಂಡು ಎಸ್ಟೇಟಿಗೆ ಬಂದವನು. ಸತ್ತ ಸಾಹುಕಾರರ ಅಣ್ಣನ ಮಗ. ಪಾಲು ಕೊಡದೆ ಮನೆಯಿಂದ ಹೊರಗೆ ಹಾಕಿದ ಸೇಡಿಗೆ ಬಂದಿದ್ದಾನೆ. ಇದು ಚೆನ್ನಾಗಿದೆ, ನಿಜವಾಗಿ ಹೇಳುತ್ತಿದ್ದೇನೆ. ಮರೆಸಿಕೊಂಡ ಗುರುತು ನಮಗೆ ಹೊಸದಲ್ಲ. ಅಜ್ಞಾತವಾಸದ ಕಥೆ ಕೇಳಿಕೊಂಡೇ ಬೆಳೆದವರು ನಾವು. ವಿರಾಟನ ಅಡಿಗೆಮನೆಯಲ್ಲಿ ವಲಲ, ರಾಣಿಯ ಹತ್ತಿರ ಸೈರಂಧ್ರಿ, ನಾಟ್ಯಶಾಲೆಯಲ್ಲಿ ಬೃಹನ್ನಳೆ. ಆದರೆ ಅಲ್ಲಿ ಗುಟ್ಟು ನಮಗೆ ಗೊತ್ತು, ವಿರಾಟನಿಗೆ ಗೊತ್ತಿಲ್ಲ. ಯಕ್ಷಗಾನದಲ್ಲಿ ಕೀಚಕನ ಎದುರು ವಲಲ ಬಂದು ನಿಂತಾಗ ನಮಗೆ ಆಗುವ ಖುಷಿ ಅದರದ್ದು. ಪತ್ತೇದಾರಿ ಕಾದಂಬರಿ ನಮ್ಮನ್ನು ವಿರಾಟನ ಜಾಗದಲ್ಲಿ ಕೂರಿಸುತ್ತದೆ. ಅಡಿಗೆಯವನು ಬಡಿಸುತ್ತಿದ್ದಾನೆ, ನಾವು ಉಣ್ಣುತ್ತಿದ್ದೇವೆ, ಅವನು ಯಾರು ಅಂತ ಗೊತ್ತಿಲ್ಲ. ಆದರೂ ಸುಳಿವು ಇದ್ದೇ ಇರುತ್ತದೆ. ಕೀಚಕ ಸತ್ತ ಸುದ್ದಿ ಹಸ್ತಿನಾವತಿಗೆ ಮುಟ್ಟಿದಾಗ ಕೌರವರು ಏನಂದುಕೊಂಡರು? ಅಂಥ ಗಟ್ಟಿಗನನ್ನು ಬರಿಗೈಯಲ್ಲಿ ಮುಗಿಸಿದ್ದು ಭೀಮನೇ ಇರಬೇಕು ಅಂತ. ವೇಷ ಬದಲಾಯಿಸಬಹುದು. ತೋಳಿನ ಬಲ ಎಲ್ಲಿ ಬಚ್ಚಿಡೋದು?

ಆಕ್ರಾಯ್ಡ್ ಕಥೆಯಲ್ಲೂ ವೇಷ ಹಾಕಿದವರು ಡಾಕ್ಟರು ಒಬ್ಬರೇ ಅಲ್ಲ. ಮನೆಗೆಲಸದ ಉರ್ಸುಲಾ ಬೋರ್ನ್, ಆಕ್ರಾಯ್ಡ್‌ನ ಸಾಕುಮಗನನ್ನು ಗುಟ್ಟಾಗಿ ಮದುವೆ ಆಗಿರುತ್ತಾಳೆ. ಮನೆ ನೋಡಿಕೊಳ್ಳುವ ಮಿಸ್ ರಸೆಲ್‌ಗೆ ಯಾರಿಗೂ ಗೊತ್ತಿಲ್ಲದ ಮಗನಿದ್ದಾನೆ. ಪ್ವಾರೋನನ್ನೇ ಡಾಕ್ಟರು ಮೊದಲು ನಿವೃತ್ತ ಕ್ಷೌರಿಕ ಅಂದುಕೊಳ್ಳುತ್ತಾರೆ. ಈ ಚಿಕ್ಕ ಚಿಕ್ಕ ಗುಟ್ಟುಗಳು ಒಂದೊಂದಾಗಿ ಬಯಲಾಗುವಾಗ, ದೊಡ್ಡದು ಇದೇ ಇರಬೇಕು ಅಂತ ನಾವು ಪ್ರತಿ ಸಲ ಅಂದುಕೊಳ್ಳುತ್ತೇವೆ. ಯಾರೂ ಸುಮ್ನೆ ಗುಟ್ಟು ಇಟ್ಟುಕೊಂಡವರಲ್ಲ. ನಾಚಿಕೆ, ಬಡತನ, ಮಗನ ಮೇಲಿನ ಪ್ರೀತಿ, ಒಬ್ಬೊಬ್ಬರಿಗೆ ಒಂದೊಂದು ಕಾರಣ.

ಕ್ರಿಸ್ಟಿಗೆ ಇದು ಬರೀ ಕಾಗದದ ಮೇಲಿನ ಮಾತೂ ಆಗಿರಲಿಲ್ಲ. ಅದೇ 1926ರ ಡಿಸೆಂಬರ್ 3ರ ರಾತ್ರಿ ಅವರು ಮನೆ ಬಿಟ್ಟು ಹೋದರು. ಇಡೀ ದೇಶ ಹುಡುಕಿತು. 14ರಂದು ಹ್ಯಾರೊಗೇಟ್ ಊರಿನ ಒಂದು ಹೋಟೆಲಿನಲ್ಲಿ ಸಿಕ್ಕರು. ಅಲ್ಲಿ ಅವರು ಬರೆಸಿದ್ದ ಹೆಸರು ಮಿಸೆಸ್ ನೀಲ್. ಗಂಡ ಮನಸ್ಸು ಕೊಟ್ಟಿದ್ದ ಹೆಂಗಸಿನ ಮನೆತನದ ಹೆಸರು ಅದು. ಕ್ರಿಸ್ಟಿಯವರ ತಾಯಿ ತೀರಿಕೊಂಡದ್ದೂ ಅದೇ ವರ್ಷ. ಇದನ್ನು ರೋಚಕ ಕಥೆಯ ಹಾಗೆ ಹೇಳೋಕೆ ನನಗೆ ಮನಸ್ಸು ಬರುವುದಿಲ್ಲ. ಬೇರೆಯವರ ಹೆಸರಿನಲ್ಲಿ ಹನ್ನೊಂದು ದಿನ ಬದುಕಬೇಕಾದರೆ ಎಷ್ಟು ನೋವಿರಬೇಕು ಅಂತ ಮಾತ್ರ ಅನ್ನಿಸುತ್ತದೆ.

ಈಗ ನಿಮ್ಮ ಹಸ್ತಪ್ರತಿಗೆ ಬರೋಣ. ವಾರದ ಬಟವಾಡೆ ದಿನ ಸಾಹುಕಾರರ ಕೊಲೆ, ಕಣದಲ್ಲಿ ಒಣಹಾಕಿದ ಕಾಫಿ ಮೇಲೆ ಹೆಜ್ಜೆ ಗುರುತು, ಕೂಲಿಯವರ ಲೈನ್ ಮನೆಯ ಹೆಂಗಸರ ಮಾತು. ಇದೆಲ್ಲ ಹತ್ತಿರದಿಂದ ನೋಡಿದವರ ಕೈ ಬರಹ. ಆದರೆ ರೈಟರ್ 26ನೇ ಅಧ್ಯಾಯದವರೆಗೆ ಬರುವುದು ಮೂರೇ ಸಲ. ಒಮ್ಮೆ ಕೊಡೆ ಹಿಡಿದು, ಇನ್ನೊಮ್ಮೆ ಹಾಜರಿಯ ಮಸ್ಟರ್ ಪುಸ್ತಕ ಹಿಡಿದು. ಮೂರನೆಯದನ್ನು ಆಮೇಲೆ ಹೇಳುತ್ತೇನೆ. 27ರಲ್ಲಿ ಇದ್ದಕ್ಕಿದ್ದ ಹಾಗೆ ಪೆಟ್ಟಿಗೆಯಿಂದ ಒಂದು ಹಳೇ ಫೋಟೋ ಸಿಗುತ್ತದೆ, ಪೊಲೀಸರಿಗೆ ಎಲ್ಲ ಹೊಳೆಯುತ್ತದೆ. ಅದು ಸಾಲದು ಅಂತ, ಕೊಲೆಯ ಹೊತ್ತಿಗೆ ಹಾಸನದಲ್ಲಿ ಕಂಡವನು ಅವನ ಅವಳಿ ತಮ್ಮ ಅಂತಲೂ ಬರುತ್ತದೆ. ಆ ತಮ್ಮನ ಸುಳಿವು ಹಿಂದೆ ಎಲ್ಲೂ ಇಲ್ಲ. ಮೊದಲೇ ಸೂಚನೆ ಕೊಡದೆ ಅವಳಿಗಳನ್ನು ತರಬೇಡಿ ಅನ್ನೋದು ನಾಕ್ಸ್ ಅವರ ಹತ್ತನೇ ಕಟ್ಟಳೆ. ಮೊದಲನೆಯದನ್ನು ಮುರಿದು ಗೆದ್ದವರಿದ್ದಾರೆ. ಹತ್ತನೆಯದನ್ನು ಮುರಿದರೆ ಓದುಗರು ಕ್ಷಮಿಸುವುದು ಕಷ್ಟ. ಇಡೀ ಕಥೆಯ ಉದ್ದಕ್ಕೂ ಅವರು ತಲೆ ಕೆಡಿಸಿಕೊಂಡದ್ದು ಆ ಒಂದು ಕ್ಷಣದಲ್ಲಿ ದಂಡ ಆಗಿಬಿಡುತ್ತದೆ. ನಾನು ಮೋಸ ಅಂದದ್ದು ಇದಕ್ಕೆ. ರೈಟರನ್ನು ಕೊಲೆಗಾರ ಮಾಡಿದ್ದಕ್ಕಲ್ಲ.

ಹಾಗಾಗಿ ತಮ್ಮನನ್ನು ತೆಗೆದುಬಿಡಿ. ಫೋಟೋವನ್ನೂ ತೆಗೆಯಿರಿ. ನಿಮಗೆ ಅದು ಬೇಕಾಗಿಲ್ಲ. ಯಾಕೆ ಅಂದರೆ ಅದಕ್ಕಿಂತ ಒಳ್ಳೆಯದನ್ನು ನೀವು ಆಗಲೇ ಬರೆದಿದ್ದೀರಿ. ಪತ್ರ ಬಂದ ಮೇಲೆ ಹಸ್ತಪ್ರತಿಯ ನಕಲನ್ನು ಮತ್ತೆ ಓದಿದಾಗ ಕಣ್ಣಿಗೆ ಬಿತ್ತು. ಮೊದಲ ಸಲ ನಾನೂ ದಾಟಿಕೊಂಡು ಹೋಗಿದ್ದೆ.

6ನೇ ಅಧ್ಯಾಯ ತೆಗೆಯಿರಿ. ಮಳೆಗೆ ಕರೆಂಟು ಹೋಗುತ್ತದೆ. ದೊಡ್ಡಮನೆ ಕತ್ತಲು. ಮೂರನೇ ಸಲ ರೈಟರ್ ಬರುವುದು ಇಲ್ಲೇ. 'ರೈಟರು ಅಟ್ಟ ಹತ್ತಿ ಲಾಟೀನು ಇಳಿಸಿಕೊಟ್ಟರು' ಅಂತ ಒಂದು ಸಾಲು ಬರೆದು ಮುಂದೆ ಹೋಗಿದ್ದೀರಿ. ಎಸ್ಟೇಟಿಗೆ ಬಂದು ಮೂರು ತಿಂಗಳಾದವನು. ದೊಡ್ಡಮನೆಯ ಜಗಲಿ ದಾಟಿ ಒಳಗೆ ಬಂದದ್ದೇ ಅವತ್ತು ಮೊದಲು ಅಂತ ನೀವೇ ಬರೆದಿದ್ದೀರಿ. ಆ ಕತ್ತಲಲ್ಲಿ ಅಟ್ಟದ ಏಣಿ ಎಲ್ಲಿದೆ, ಲಾಟೀನು ಯಾವ ಮೂಲೆಯಲ್ಲಿದೆ ಅಂತ ಅವನಿಗೆ ಹೇಗೆ ಗೊತ್ತಾಯಿತು? ಯಾರನ್ನೂ ಕೇಳಲಿಲ್ಲ. ತಡಕಾಡಲಿಲ್ಲ. ಚಿಕ್ಕಂದಿನಲ್ಲಿ ಆ ಅಟ್ಟದ ಮೇಲೆ ಆಡಿದವನಿಗೆ ಮಾತ್ರ ಗೊತ್ತಿರುವ ದಾರಿ ಅದು. ಬೇಕು ಅಂತಲೇ ಬರೆದಿರಾ, ಅಥವಾ ಕೈ ತಾನಾಗಿ ಬರೆಯಿತಾ, ಹೇಗಾದರೂ ಸರಿ. ನಿಮ್ಮ ಇಡೀ ಕಾದಂಬರಿ ಆ ಸಾಲಿನ ಮೇಲೆ ನಿಲ್ಲುತ್ತದೆ.

ಸಾಲನ್ನು ಹಾಗೇ ಇಡಿ, ಒಂದು ಪದವೂ ಸೇರಿಸಬೇಡಿ. ಅದರ ಹಿಂದೆಯೇ ಅಡಿಗೆಯಮ್ಮ ಬರಲಿ. ಲಾಟೀನು ಹಚ್ಚುವಾಗ ಸೀಮೆಎಣ್ಣೆ ಚೆಲ್ಲಲಿ, ಈಗ ತಾನೇ ಸಾರಿಸಿದ ನೆಲ ಹಾಳಾಯಿತು ಅಂತ ಅವರು ರೈಟರಿಗೆ ಬಯ್ಯಲಿ. ಓದುಗರ ಕಣ್ಣು ನೆಲದ ಮೇಲಿರುತ್ತದೆ, ಅಟ್ಟದ ಕಡೆ ಹೋಗುವುದಿಲ್ಲ. ಕೊನೆಯಲ್ಲಿ ನಿಮ್ಮ ಇನ್ಸ್‌ಪೆಕ್ಟರ್ ಆ ಅಡಿಗೆಯಮ್ಮನನ್ನೇ ಕರೆದು, ಅವತ್ತು ರಾತ್ರಿ ಲಾಟೀನು ಇಳಿಸಿದ್ದು ಯಾರಮ್ಮ ಅಂತ ಕೇಳಲಿ.

ಮಳೆಗಾಲ ಮುಗಿಯುವುದರೊಳಗೆ ಬರೆದು ಕಳಿಸಿ. ನಾನೇ ಓದುತ್ತೇನೆ.

ಇಂತು,
ಸಂಪಾದಕ