ಮೊದಲು ವಚನ, ಆಮೇಲೆ ಟಿಪ್ಪಣಿ

ಗದಗ-ಬೆಟಗೇರಿಯ ಓದುಗರೊಬ್ಬರು ಹೀಗೆ ಬರೆದಿದ್ದಾರೆ: “ಮಗಳಿಗೆ ಬರುವ ತಿಂಗಳು ಹನ್ನೆರಡು ತುಂಬುತ್ತದೆ. ಇಂಗ್ಲಿಷ್ ಮೀಡಿಯಂ, ಏಳನೇ ತರಗತಿ. ಚಿತ್ರದ ಬೈಬಲ್ ಕಥೆಗಳು ಅವಳಿಗೆ ಸಾಕಾಗಿವೆ. ಏನೇನೋ ಪ್ರಶ್ನೆ ಕೇಳುತ್ತಾಳೆ, ನನಗೆ ಉತ್ತರ ಹೇಳಲು ಬರುವುದಿಲ್ಲ. ಒಂದು ಸ್ಟಡಿ ಬೈಬಲ್ ಕೊಡಿಸಬೇಕೆಂದಿದ್ದೇನೆ. ಹೆಚ್ಚು ಟಿಪ್ಪಣಿ ಇರುವುದೇ ಒಳ್ಳೆಯದಲ್ಲವೇ? ಮೊಬೈಲಿನ ಆ್ಯಪ್ ಸಾಕು ಎನ್ನುತ್ತಾರೆ ನಮ್ಮ ಯಜಮಾನರು.”

ಸಹೋದರಿಯವರೇ, ಹನ್ನೆರಡರ ಹುಡುಗಿ ಪ್ರಶ್ನೆ ಕೇಳುತ್ತಿದ್ದಾಳೆ ಎಂದರೆ ನಿಮ್ಮ ಮನೆಯ ಪ್ರಾರ್ಥನೆ ವ್ಯರ್ಥವಾಗಿಲ್ಲ. ಉತ್ತರ ಗೊತ್ತಿಲ್ಲವೆಂದು ನೀವು ಕುಗ್ಗಬೇಕಾಗಿಲ್ಲ. ಆದರೆ “ಹೆಚ್ಚು ಟಿಪ್ಪಣಿ ಇರುವುದೇ ಒಳ್ಳೆಯದು” ಎಂಬ ಮಾತನ್ನು ಮಾತ್ರ ನಾನು ಒಪ್ಪಲಾರೆ.

ಸ್ಟಡಿ ಬೈಬಲ್ ಎಂದರೆ ವಚನದ ಜೊತೆಗೆ ಅದೇ ಪುಟದಲ್ಲಿ ವಿವರಣೆಯ ಟಿಪ್ಪಣಿಯೂ ಇರುವ ಬೈಬಲ್. ಆ ಟಿಪ್ಪಣಿ ಬೇಡವೆಂದಲ್ಲ. ಏಫಾ ಎಂದರೆ ಎಷ್ಟು ಅಳತೆ, ಸಮಾರ್ಯದವರ ಮೇಲೆ ಯೆಹೂದ್ಯರಿಗೆ ಯಾಕೆ ಅಷ್ಟು ಸಿಟ್ಟು, ಫರಿಸಾಯರು ಯಾರು, ಇವನ್ನು ಯಾರಾದರೂ ಹೇಳಲೇಬೇಕು. ತೊಂದರೆ ಬರುವುದು ಬೇರೆ ಕಡೆ. ವಚನ ಮತ್ತು ಟಿಪ್ಪಣಿ ಒಂದೇ ಪುಟದಲ್ಲಿ, ಒಂದೇ ರಟ್ಟಿನೊಳಗೆ ಇರುವಾಗ ಮಗುವಿನ ಮನಸ್ಸು ಎರಡನ್ನೂ ಒಂದೇ ಅಧಿಕಾರದಿಂದ ಕೇಳಿಸಿಕೊಳ್ಳುತ್ತದೆ. ದೊಡ್ಡವರಿಗೂ ಇದು ತಪ್ಪಿಲ್ಲ. 1701ರಿಂದ ಇಂಗ್ಲಿಷ್ ಬೈಬಲ್ಲಿನ ಅಂಚಿನಲ್ಲಿ ಐರ್ಲೆಂಡಿನ ಆರ್ಚ್‌ಬಿಷಪ್ ಅಷರ್ ಲೆಕ್ಕ ಹಾಕಿದ ಇಸವಿಗಳನ್ನು ಅಚ್ಚು ಹಾಕುತ್ತ ಬಂದರು. ಸೃಷ್ಟಿಯಾದದ್ದು ಕ್ರಿ.ಪೂ. 4004ರಲ್ಲಿ ಎಂಬುದು ಆದಿಕಾಂಡದ್ದೇ ಮಾತೆಂದು ಎಷ್ಟೋ ಜನ ನಂಬಿದರು. 1909ರಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಿಂದ ಬಂದ ಸ್ಕೋಫೀಲ್ಡ್ ರೆಫರೆನ್ಸ್ ಬೈಬಲ್ಲು ಮನುಷ್ಯ ಚರಿತ್ರೆಯನ್ನು ಏಳು ಯುಗಗಳಾಗಿ ಹಂಚಿತು. ಅದು ಒಬ್ಬ ವ್ಯಾಖ್ಯಾನಕಾರನ ಅಭಿಪ್ರಾಯ ಎನ್ನುವುದು ಮರೆತುಹೋಗಿ, ಬೈಬಲ್ ಹೇಳುವುದೇ ಹಾಗೆ ಎಂಬಂತೆ ತಲೆಮಾರುಗಳು ಕಲಿತವು. ಅದಕ್ಕೂ ಹಿಂದೆ, 1560ರ ಜಿನೀವಾ ಬೈಬಲ್ಲಿನಲ್ಲಿ, ಇಬ್ರಿಯರ ಗಂಡುಕೂಸುಗಳನ್ನು ಕೊಲ್ಲಬೇಕೆಂಬ ಫರೋಹನ ಆಜ್ಞೆ ಮೀರಿದ ಸೂಲಗಿತ್ತಿಯರ ಅವಿಧೇಯತೆ ನ್ಯಾಯವೇ ಎಂದು ವಿಮೋಚನಕಾಂಡ 1:19ರ ಬದಿಯಲ್ಲಿ ಬರೆದಿತ್ತು. ಇಂಗ್ಲೆಂಡಿನ ಜೇಮ್ಸ್ ದೊರೆಗೆ ಅದೇ ಕಣ್ಣು ಕುಕ್ಕಿತು. ಅವನ ಅಪ್ಪಣೆಯಂತೆ ಬಂದ 1611ರ ಅನುವಾದದಲ್ಲಿ ಅಂಥ ವ್ಯಾಖ್ಯಾನಗಳಿಗೆ ಜಾಗ ಸಿಗಲಿಲ್ಲ. 1804ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಬೈಬಲ್ ಸೊಸೈಟಿಯಂತೂ ಟಿಪ್ಪಣಿಯಿಲ್ಲದ, ವ್ಯಾಖ್ಯಾನವಿಲ್ಲದ ಗ್ರಂಥವನ್ನಷ್ಟೇ ಹಂಚುತ್ತೇವೆಂದು ನಿಯಮವನ್ನೇ ಮಾಡಿಕೊಂಡಿತು. ಆ ನಿಯಮ ಬಹಳ ಬಿಗಿ ನಿಜ, ಆದರೆ ಅದರ ಹಿಂದಿದ್ದ ಎಚ್ಚರ ನಿಮ್ಮ ಮಗಳ ವಯಸ್ಸಿಗೆ ಬೇಕಾದ ಎಚ್ಚರವೇ.

ಅಂಗಡಿಗೆ ಹೋದಾಗ ರಟ್ಟು ನೋಡಬೇಡಿ, ಮೂರು ಜಾಗ ತೆಗೆದು ನೋಡಿ. ಮೊದಲನೆಯದು ಯೆರೆಮೀಯ 29:11. ಹೊಸ ವರ್ಷಕ್ಕೆ ನಮ್ಮ ಸಭೆಗಳು ಒಂದೊಂದು ವಚನ ಅಚ್ಚು ಹಾಕಿಸಿ ಹಂಚುವ ವಾಗ್ದಾನ ಕಾರ್ಡುಗಳ ಅಚ್ಚುಮೆಚ್ಚಿನ ವಚನ. ಬಾಬೆಲಿನಲ್ಲಿ ಸೆರೆಯಲ್ಲಿದ್ದವರಿಗೆ ಬರೆದ ಪತ್ರದ ಸಾಲು ಅದು. ಅದರ ಹಿಂದಿನ ವಚನ ಎಪ್ಪತ್ತು ವರ್ಷ ಕಾಯಬೇಕೆನ್ನುತ್ತದೆ. ಟಿಪ್ಪಣಿಯಲ್ಲಿ ಸೆರೆಯ ಮಾತು, ಎಪ್ಪತ್ತು ವರ್ಷದ ಮಾತು ಇದೆಯೇ? ಅಥವಾ “ದೇವರು ನಿನ್ನ ಭವಿಷ್ಯಕ್ಕೆ ಯೋಜನೆ ಇಟ್ಟಿದ್ದಾನೆ” ಎಂದಷ್ಟೇ ಹೇಳಿ ಮುಗಿಸಿದೆಯೇ? ಎರಡನೆಯದು ಮಾರ್ಕ 16:9-20, ಆ ಸುವಾರ್ತೆಯ ಕೊನೆಯ ಭಾಗ. ತೀರ ಹಳೆಯ ಕೆಲವು ಹಸ್ತಪ್ರತಿಗಳಲ್ಲಿ ಈ ಹನ್ನೆರಡು ವಚನಗಳಿಲ್ಲ. ಅದನ್ನು ನೇರವಾಗಿ ಹೇಳುವ ಪುಸ್ತಕವನ್ನು ಮಗಳು ದೊಡ್ಡವಳಾದ ಮೇಲೂ ನಂಬಬಹುದು. ಮೂರನೆಯದು ಪ್ರಕಟನೆ 20ನೇ ಅಧ್ಯಾಯ. ಅಲ್ಲಿ ಹೇಳಿದ ಕ್ರಿಸ್ತನ ಸಾವಿರ ವರ್ಷದ ಆಳಿಕೆಯ ಬಗ್ಗೆ ಸಭೆಗಳಲ್ಲಿ ಒಂದಕ್ಕಿಂತ ಹೆಚ್ಚು ತಿಳಿವಳಿಕೆ ಇದೆ ಎಂದು ಒಪ್ಪಿಕೊಂಡಿದ್ದರೆ ಕೊಳ್ಳಿ. ಒಂದನ್ನೇ ಸತ್ಯವೆಂದು ಸಾರಿದ್ದರೆ ಕಪಾಟಿಗೆ ವಾಪಸ್ ಇಡಿ.

ಆಮೇಲೆ ಪುಸ್ತಕದ ಮೈಕಟ್ಟು. ರೋಮಾಪುರದವರಿಗೆ ಬರೆದ ಪತ್ರಿಕೆಯ ಯಾವುದಾದರೂ ಪುಟ ತೆಗೆಯಿರಿ. ಅರ್ಧಪುಟಕ್ಕಿಂತ ಹೆಚ್ಚು ಟಿಪ್ಪಣಿಯೇ ತುಂಬಿದ್ದರೆ ಈ ವಯಸ್ಸಿಗೆ ಬೇಡ. ವಚನದ ಅಕ್ಷರ 9 ಪಾಯಿಂಟಿಗಿಂತ, ಟಿಪ್ಪಣಿಯ ಅಕ್ಷರ 7 ಪಾಯಿಂಟಿಗಿಂತ ಚಿಕ್ಕದಿರಬಾರದು. ಬೆನ್ನಿನ ಮೇಲ್ತುದಿಯಲ್ಲಿ ಹಾಳೆಗಳು ಸಣ್ಣ ಸಣ್ಣ ಕಂತೆಗಳಾಗಿ ಮಡಿಸಿ ಕೂತಿವೆಯೇ ನೋಡಿ, ಒಂದು ಕಂತೆಯ ನಡುವೆ ಬಿಡಿಸಿದರೆ ದಾರ ಕಾಣಬೇಕು. ಬರೀ ಗೋಂದಿನ ಬೈಂಡಿಂಗ್ ಆದರೆ ದಿನಾ ಬಳಸುವ ಕೈಯಲ್ಲಿ ಬೆನ್ನು ಬಿರಿದು, ಮೊದಲು ಆದಿಕಾಂಡದ ಹಾಳೆಗಳೇ ಕಳಚುತ್ತವೆ. ತಂದ ದಿನವೇ ಬೆನ್ನನ್ನು ಮೇಜಿನ ಮೇಲೆ ಊರಿ, ಮುಂದಿನಿಂದ ಒಂದಷ್ಟು ಹಾಳೆ, ಹಿಂದಿನಿಂದ ಒಂದಷ್ಟು ಹಾಳೆ ಹೀಗೆ ಮೆಲ್ಲಗೆ ಒತ್ತುತ್ತ ನಡುವಿನವರೆಗೆ ಬನ್ನಿ, ಬೆನ್ನು ಸಡಿಲಾಗುತ್ತದೆ. ಬೈಬಲ್ಲಿನ ಕಾಗದ ತೀರ ತೆಳು, ಜೆಲ್ ಪೆನ್ನಿನ ಶಾಯಿ ಹಿಂಬದಿಗೆ ಇಳಿಯುತ್ತದೆ. ಪೆನ್ಸಿಲ್ ಕೊಡಿ.

ಇಂಗ್ಲಿಷ್ ಅನುವಾದಗಳ ವಿಷಯ, ಅವುಗಳ ಚಿಕ್ಕ ಹೆಸರಿನಿಂದಲೇ ಹೇಳುತ್ತೇನೆ. ಪ್ರಕಾಶಕರ ಲೆಕ್ಕದಲ್ಲಿ ಎನ್‌ಐಆರ್‌ವಿ ಮೂರನೇ ತರಗತಿಯ ಇಂಗ್ಲಿಷ್, ಎನ್‌ಎಲ್‌ಟಿ ಆರನೆಯದು, ಎನ್‌ಐವಿ ಏಳೆಂಟನೆಯದು, ಇಎಸ್‌ವಿ ಹತ್ತರ ಆಸುಪಾಸು. ಇದು ಅಮೆರಿಕದ ಮಕ್ಕಳ ಲೆಕ್ಕ. ಮನೆಯಲ್ಲಿ ಕನ್ನಡ ಆಡುವ ಹುಡುಗಿಗೆ ಒಂದೆರಡು ತರಗತಿ ಕೆಳಗಿನದೇ ಹಿತ. ಮಕ್ಕಳಿಗೆಂದೇ ತಂದ ‘ಅಡ್ವೆಂಚರ್ ಬೈಬಲ್’ ಚೆನ್ನಾಗಿದೆ, ಆದರೆ ಅದರ ಓದುಗರು ಎಂಟರಿಂದ ಹನ್ನೆರಡರವರು. ನಿಮ್ಮ ಮಗಳಿಗೆ ವರ್ಷದೊಳಗೆ ಸಾಲದಾಗುತ್ತದೆ. 2008ರ ಇಎಸ್‌ವಿ ಸ್ಟಡಿ ಬೈಬಲ್ಲಿಗೆ 2,752 ಪುಟ, ಸುಮಾರು ಎರಡು ಕೆಜಿ ತೂಕ. ಅದು ಸಂಡೇ ಸ್ಕೂಲಿಗೆ ಹೊರುವ ಪುಸ್ತಕವಲ್ಲ. ಅದರದೇ ಚಿಕ್ಕ ರೂಪವಾದ ಸ್ಟೂಡೆಂಟ್ ಸ್ಟಡಿ ಬೈಬಲ್ಲನ್ನು ಎರಡು ವರ್ಷ ಬಿಟ್ಟು ನೋಡಬಹುದು. ಈಗಿನ ಮಟ್ಟಿಗೆ ಎನ್‌ಎಲ್‌ಟಿ ಅಥವಾ ಎನ್‌ಐವಿಯಲ್ಲಿ, ಮಿತವಾದ ಟಿಪ್ಪಣಿ, ಪ್ರತಿ ಪುಸ್ತಕಕ್ಕೂ ಒಂದು ಪುಟದ ಪೀಠಿಕೆ, ಹಿಂದೆ ಭೂಪಟ ಇರುವುದು ಸಾಕು.

ಆದರೆ ಅದಕ್ಕಿಂತ ಮೊದಲು ಅವಳ ಕೈಗೆ ಒಂದು ಕನ್ನಡ ಸತ್ಯವೇದ ಕೊಡಿ. ಅವಳದೇ ಪ್ರತಿ, ಅಜ್ಜಿಯದಲ್ಲ. ಇಂಗ್ಲಿಷ್ ಮೀಡಿಯಂ ಎಂಬ ಕಾರಣಕ್ಕೆ ಇದನ್ನು ಬಿಡುವ ತಾಯ್ತಂದೆಯರು ಎಷ್ಟು ಕಳೆದುಕೊಳ್ಳುತ್ತಿದ್ದಾರೆಂದು ಅವರಿಗೇ ತಿಳಿಯದು. ಹಳೆಯ ಅನುವಾದ ಅವಳಿಗೆ ಕಷ್ಟವಾದರೆ ಸರಳ ಕನ್ನಡದ ಅನುವಾದಗಳಿವೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದಲಿ.

ಓದುವ ಕ್ರಮ ಹೀಗಿರಲಿ. ಆದಿಕಾಂಡದಿಂದ ಶುರುಮಾಡಿ ಯಾಜಕಕಾಂಡದಲ್ಲಿ ನಿಂತುಹೋಗುವ ಮಕ್ಕಳೇ ಹೆಚ್ಚು. ನೀವು ಮಾರ್ಕನಿಂದ ಹಿಡಿಯಿರಿ, ಹದಿನಾರೇ ಅಧ್ಯಾಯ. ಒಂದು ಸಲಕ್ಕೆ ಒಂದು ಪ್ರಸಂಗ ಮಾತ್ರ. ಕೆಳಗಿನ ಟಿಪ್ಪಣಿಗಳ ಮೇಲೆ ಒಂದು ಬಿಳಿ ಹಾಳೆ ಮುಚ್ಚಲಿ. ಕನ್ನಡದಲ್ಲಿ ಗಟ್ಟಿಯಾಗಿ ಓದಲಿ, ಇಂಗ್ಲಿಷಿನಲ್ಲಿ ಮನಸ್ಸಿನಲ್ಲೇ ಓದಲಿ. ನೋಟ್‌ಬುಕ್ಕಿನಲ್ಲಿ ಏನು ನಡೆಯಿತು, ಯಾರು ಯಾರಿಗೆ ಏನಂದರು, ಯಾವುದು ಅರ್ಥವಾಗಲಿಲ್ಲ ಎಂದು ಮೂರು ಸಾಲು ಬರೆಯಲಿ. ಆಮೇಲೆ ಸಂಬಂಧಪಟ್ಟ ಬೇರೆ ವಚನ ತೆಗೆದು ನೋಡಲಿ. ಟಿಪ್ಪಣಿ ಕೊನೆಗೆ.

ಉದಾಹರಣೆಗೆ ಮಾರ್ಕ 4:35-41, ಬಿರುಗಾಳಿಯ ಪ್ರಸಂಗ. ಯೇಸು ದೋಣಿಯ ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದಾನೆ, ಶಿಷ್ಯರು ಗಾಬರಿಯಿಂದ ಎಬ್ಬಿಸುತ್ತಾರೆ. ಅವಳು ಯೋನನ ಮೊದಲ ಅಧ್ಯಾಯ ತೆಗೆಯಲಿ. ಅಲ್ಲೂ ಬಿರುಗಾಳಿ, ಹಡಗಿನೊಳಗೆ ಒಬ್ಬ ಮಲಗಿದ್ದಾನೆ, ನಾವಿಕರ ಯಜಮಾನ ಬಂದು ಎಬ್ಬಿಸುತ್ತಾನೆ. ಆದರೆ ಅಲ್ಲಿ ಸಮುದ್ರ ಶಾಂತವಾಗುವುದು ಯೋನನನ್ನು ಎತ್ತಿ ಹಾಕಿದ ಮೇಲೆ. ಇಲ್ಲಿ ಎದ್ದವನು ಸಮುದ್ರಕ್ಕೇ ಅಪ್ಪಣೆ ಕೊಡುತ್ತಾನೆ. ಇನ್ನು ಕೀರ್ತನೆ 107:23-30 ಓದಿದರೆ ಬಿರುಗಾಳಿಯನ್ನು ಶಾಂತಪಡಿಸುವವನು ಯಾರೆಂದು ಅಲ್ಲಿದೆ. “ಈತನು ಯಾರು?” ಎಂದು ಶಿಷ್ಯರು ಯಾಕೆ ಅಷ್ಟು ಹೆದರಿದರೆಂದು ಆಗ ಅವಳಿಗೇ ಹೊಳೆಯುತ್ತದೆ. “ಪ್ರಕೃತಿಯ ಮೇಲೆ ಯೇಸುವಿಗಿದ್ದ ಅಧಿಕಾರ” ಎಂಬ ಒಂದು ಸಾಲಿನ ಟಿಪ್ಪಣಿಯನ್ನು ಮೊದಲೇ ಓದಿದ್ದರೆ ಈ ಹುಡುಕಾಟದ ಸಂತೋಷ ಅವಳ ಪಾಲಿಗೆ ಇರುತ್ತಿರಲಿಲ್ಲ.

ಆ್ಯಪ್ ಬಗ್ಗೆ ಯಜಮಾನರಿಗೆ ಹೇಳಿ: ಒಂದು ಪದ ಎಲ್ಲೆಲ್ಲಿ ಬಂದಿದೆಯೆಂದು ಹುಡುಕಲು ಅದರಷ್ಟು ಒಳ್ಳೆಯದು ಬೇರೊಂದಿಲ್ಲ. ಓದಲು ಮಾತ್ರ ಕಾಗದ ಇರಲಿ. ಪುಟದ ಯಾವ ಮೂಲೆಯಲ್ಲಿ ಯಾವ ವಚನ ಇತ್ತೆಂಬ ನೆನಪು ಕಾಗದದಲ್ಲಷ್ಟೇ ನಿಲ್ಲುತ್ತದೆ.

ಇಷ್ಟೆಲ್ಲ ಒಬ್ಬ ತಾಯಿ ಒಂಟಿಯಾಗಿ ಯೋಚಿಸಬೇಕಾಗಿ ಬಂದಿರುವುದು ನಮ್ಮ ಸಭೆಗಳ ಸೋಲು. ಮಿಷನರಿ ಜಾನ್ ಹ್ಯಾಂಡ್ಸ್ ಅವರ ಶ್ರಮದಿಂದ ಬಳ್ಳಾರಿಯಲ್ಲಿ 1831ರಷ್ಟು ಹಿಂದೆಯೇ ಇಡೀ ಬೈಬಲ್ ಕನ್ನಡಕ್ಕೆ ಬಂತು. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ 1894ರಲ್ಲಿ ಕಿಟ್ಟೆಲರ ನಿಘಂಟನ್ನೇ ಅಚ್ಚು ಹಾಕಿತು. ಅಂಥ ನಾಡಿನಲ್ಲಿ ಹನ್ನೆರಡರಿಂದ ಹದಿನಾರರ ಮಕ್ಕಳಿಗೆಂದೇ ಕನ್ನಡದಲ್ಲಿ ಬರೆದ ಟಿಪ್ಪಣಿಯ ಬೈಬಲ್ ಸಂಡೇ ಸ್ಕೂಲಿನ ಮೇಜಿನ ಮೇಲೆ ಕಾಣುವುದಿಲ್ಲ. ಬಾಯಿಪಾಠ ಸ್ಪರ್ಧೆಗೆ ಪ್ರತಿವರ್ಷ ಬಹುಮಾನ ಇಡುತ್ತೇವೆ, ವಚನದ ಹಿಂದುಮುಂದು ಕೇಳುವ ಮಗುವಿಗೆ “ಸುಮ್ಮನೆ ನಂಬು” ಎನ್ನುತ್ತೇವೆ. ವಾಗ್ದಾನ ಕಾರ್ಡಿಗೆ ಆಗುವ ಖರ್ಚಿನಲ್ಲಿ ಮಾರ್ಕನ ಸುವಾರ್ತೆಗೆ ನಲವತ್ತು ಪುಟದ ಒಂದು ಕೈಪಿಡಿ ತರಬಹುದು: ಒಂದು ಭೂಪಟ, ಅಳತೆ-ನಾಣ್ಯಗಳ ಪಟ್ಟಿ, ಪ್ರಸಂಗಕ್ಕೆ ಎರಡು ಪ್ರಶ್ನೆ. ಸಭಾಪಾಲಕರೇ, ನೀವೂ ಈ ಪುಟ ಓದುತ್ತೀರೆಂದು ಬಲ್ಲೆ. ಮುಂದಿನ ಜನವರಿಯ ಕಾರ್ಡಿಗೆ ಆರ್ಡರ್ ಕೊಡುವ ಮುನ್ನ ನಿಮ್ಮ ಕಮಿಟಿಯಲ್ಲಿ ಇದನ್ನು ಎತ್ತಿ.

ಸಹೋದರಿಯವರೇ, ಹುಟ್ಟುಹಬ್ಬಕ್ಕೆ ಕನ್ನಡ ಸತ್ಯವೇದ, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಕೊಡಿ. ಮಾರ್ಕ ಮುಗಿದ ಮೇಲೆ ಸ್ಟಡಿ ಬೈಬಲ್ ಕೊಳ್ಳಲು ಅವಳನ್ನೇ ಅಂಗಡಿಗೆ ಕರೆದುಕೊಂಡು ಹೋಗಿ, ಆ ಮೂರು ಜಾಗಗಳನ್ನು ಅವಳೇ ತೆಗೆದು ನೋಡಲಿ. ಅಷ್ಟರಲ್ಲಿ ನೋಟ್‌ಬುಕ್ಕಿನಲ್ಲಿ ಉಳಿದುಕೊಂಡ ಪ್ರಶ್ನೆಗಳನ್ನು ನಮಗೆ ಕಳಿಸಿ, ಇದೇ ಪುಟದಲ್ಲಿ ಉತ್ತರಿಸುತ್ತೇವೆ.

— ಸಂಪಾದಕ