ಥಿನ್, ಸ್ಲಿಮ್, ಸ್ಕಿನ್ನಿ: ಎಲ್ಲವೂ ‘ತೆಳ್ಳಗೆ’ ಎಂದಾದರೆ ವ್ಯತ್ಯಾಸವೇನು?

ಇವುಗಳಲ್ಲಿ ‘ಥಿನ್’ ಒಂದೇ ಬಹುಮಟ್ಟಿಗೆ ತಟಸ್ಥ ಪದ. ಕಾಗದ, ಬಟ್ಟೆ, ನೀರಾದ ಸಾರು, ಉದುರುತ್ತಿರುವ ತಲೆಗೂದಲು, ಎಲ್ಲಕ್ಕೂ ಅದೇ ನಡೆಯುತ್ತದೆ. ಆದರೆ ಬಹುದಿನಗಳ ನಂತರ ಸಿಕ್ಕವರಿಗೆ ‘ಥಿನ್ ಆಗಿದ್ದೀರಿ’ ಎಂದರೆ ‘ಆರೋಗ್ಯ ಸರಿಯಿದೆಯೇ?’ ಎಂಬ ಧ್ವನಿ ಬರಬಹುದು. ‘ಸ್ಲಿಮ್’ ಎಂದರೆ ಅವರ ಮುಖ ಅರಳುತ್ತದೆ. ನಾವು ‘ಸಣ್ಣಗಾಗಿದ್ದೀರಿ’ ಎಂಬ ಒಂದೇ ಮಾತಿನಲ್ಲಿ ಇವೆರಡನ್ನೂ ಹೇಳುತ್ತೇವೆ, ಭೇದವೆಲ್ಲ ಸ್ವರದಲ್ಲಿರುತ್ತದೆ.

‘ಸ್ಲೆಂಡರ್’ ಎಂಬುದರಲ್ಲಿ ನೀಳತೆಯೂ ಲಾಲಿತ್ಯವೂ ಸೇರಿವೆ: ಬೆರಳು, ಕೊರಳು, ಎಳೆಯ ಮರದ ಕಾಂಡ. ನಮ್ಮ ಕಾಡುಪಾಪದ ಇಂಗ್ಲಿಷ್ ಹೆಸರು ಸ್ಲೆಂಡರ್ ಲೋರಿಸ್. ಅದರ ಕಡ್ಡಿಯಂಥ ಕೈಕಾಲು ನೋಡಿದವರಿಗೆ ಕಾರಣ ಹೇಳಬೇಕಾಗಿಲ್ಲ.

‘ಸ್ಕಿನ್ನಿ’ಯಲ್ಲಿ ಚರ್ಮ ಎಂಬರ್ಥದ ‘ಸ್ಕಿನ್’ ಅಡಗಿದೆ. ಎಲುಬಿನ ಮೇಲೆ ಬರೀ ತೊಗಲು, ಅಂದರೆ ನಮ್ಮ ಸಣಕಲು. ಗೆಳೆಯರ ನಡುವೆ ತಮಾಷೆಯಾದೀತು, ಅಪರಿಚಿತರಿಗೆ ಹೇಳಿದರೆ ಒರಟು. (ಬಿಗಿಯಾದ ಸ್ಕಿನ್ನಿ ಜೀನ್ಸ್ ಮಾತ್ರ ಈ ದೋಷದಿಂದ ಪಾರಾಗಿದೆ.) ಹಸಿವು, ಕಾಯಿಲೆ, ಚಿಂತೆಯಿಂದ ಕೆನ್ನೆ ಗುಳಿಬಿದ್ದವರಿಗೆ ‘ಗಾಂಟ್’, ಅದನ್ನು ತಮಾಷೆಗೆ ಬಳಸಲೇಬೇಡಿ. ಕೊಬ್ಬಿಲ್ಲದ, ಕಸುವುಳ್ಳ ಓಟಗಾರನ ಮೈಗೆ ‘ಲೀನ್’. ಕೊಬ್ಬು ಕಡಿಮೆಯಿರುವ ಮಾಂಸಕ್ಕೂ ಅದೇ ಪದ.

ಇನ್ನೊಂದು ವಿಚಿತ್ರ: ಗೆಲ್ಲುವ ಅವಕಾಶ ಅತ್ಯಲ್ಪ ಎನ್ನಲು ‘ಸ್ಲಿಮ್ ಚಾನ್ಸ್’ ಎನ್ನುತ್ತಾರೆ. ‘ಸ್ಕಿನ್ನಿ ಚಾನ್ಸ್’ ಎಂದರೆ ಕೇಳುಗರು ನಕ್ಕಾರು.