ಎಂ-ಸ್ಯಾಂಡ್ ಹಾಕಿದರೆ ಮೋಲ್ಡ್ ಬಿರುಕು ಬಿಡುತ್ತದೆಯೇ?

ಮಧುಗಿರಿ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ: ಮನೆ ಗೋಡೆ ಲಿಂಟಲ್ ದಾಟಿದೆ. ಎಂ-ಸ್ಯಾಂಡ್ (ಕಲ್ಲು ಒಡೆದು ಮಾಡಿದ ಮರಳು) ಹಾಕಿದರೆ ಮೋಲ್ಡ್ ಬಿರುಕು ಬಿಡುತ್ತದೆ, ಹೊಳೆ ಮರಳೇ ಬೇಕು ಎಂದು ಮೇಸ್ತ್ರಿ ಹಟ ಹಿಡಿದಿದ್ದಾರೆ. ರಾತ್ರಿ ಟ್ರ್ಯಾಕ್ಟರಿನಲ್ಲಿ ಅಗ್ಗಕ್ಕೆ ತಂದು ಸುರಿಯುವವರೂ ಸಿಕ್ಕಿದ್ದಾರೆ. ಕೊಳ್ಳಬಹುದೇ?

ಕೊಳ್ಳಬೇಡಿ ಸ್ವಾಮಿ. ಪರ್ಮಿಟ್ ಇಲ್ಲದ ಮರಳು ಅನ್ನುವುದು ಒಂದು ಕಾರಣ. ಅದಕ್ಕಿಂತ ದೊಡ್ಡದು ನಿಮ್ಮ ಸೀಮೆಯ ನೀರು. ಜಯಮಂಗಲಿಯಂಥ ಹೊಳೆ ವರ್ಷದ ಬಹುಪಾಲು ಮೇಲೆ ಒಣಗಿಯೇ ಇರುತ್ತದೆ, ನೀರಿರುವುದು ಮರಳಿನೊಳಗೆ. ಬೇಸಿಗೆಯಲ್ಲಿ ಎರಡು ಮೂರು ಅಡಿ ಕೆದಕಿದರೆ ಒರತೆ ಜಿನುಗುತ್ತಿದ್ದುದು, ತಲಪರಿಗೆಗಳು (ಒರತೆ ನೀರಿನ ಕಾಲುವೆಗಳು) ತೋಟ ಗದ್ದೆಗೆ ಹರಿದದ್ದು ಈ ಮರಳಿನ ದಯೆಯಿಂದ. ಮರಳಿನಲ್ಲಿ ಸುಮಾರು ಮೂರರಲ್ಲೊಂದು ಪಾಲು ಕಣಗಳ ನಡುವಿನ ಖಾಲಿ ಜಾಗ. 100 ಘನ ಅಡಿಯ ಒಂದು ಟ್ರಾಲಿ ಎತ್ತಿದರೆ ಹತ್ತಿರಹತ್ತಿರ 940 ಲೀಟರ್ ನೀರು ನಿಲ್ಲುವ ತಾವು ಹೋಯಿತು. ಹೊಳೆಯ ತಳ ತಗ್ಗಿದಷ್ಟೂ ದಡದ ಬಾವಿಗಳ ನೀರು ಕೆಳಗಿಳಿಯುತ್ತದೆ. 2016ರ ಕೇಂದ್ರ ಮಾರ್ಗಸೂಚಿ 3 ಮೀಟರ್ ಅಥವಾ ನೀರಿನ ಮಟ್ಟ, ಯಾವುದು ಮೊದಲೋ ಅಲ್ಲಿಗೆ ಅಗೆತ ನಿಲ್ಲಿಸಬೇಕೆನ್ನುವುದು ಇದಕ್ಕೇ. ರಾತ್ರಿ ಬಗೆಯುವ ಜೆಸಿಬಿಗೆ ಆ ಲೆಕ್ಕವಿಲ್ಲ.

ಇನ್ನು ಅದು ಹೊಳೆ ಮರಳೇ ಎನ್ನುವ ಖಾತ್ರಿಯಾದರೂ ಎಲ್ಲಿ? ಕೆರೆಯಂಗಳದ ಮಣ್ಣನ್ನು ಪಂಪ್ ನೀರಿನಲ್ಲಿ ತೊಳೆದ ಫಿಲ್ಟರ್ ಮರಳೂ ಅದೇ ಹೆಸರಿನಲ್ಲಿ ಬರುತ್ತದೆ. ಅದರ ಕಣಕ್ಕೆ ಜೇಡಿ ಸಣ್ಣ ಪೊರೆಯಂತೆ ಅಂಟಿರುತ್ತದೆ, ಸಿಮೆಂಟ್ ಹಿಡಿಯಲು ಬಿಡುವುದಿಲ್ಲ. ಒದ್ದೆ ಮರಳನ್ನು ಅಂಗೈಯಲ್ಲಿ ಉಜ್ಜಿ ಚೆಲ್ಲಿ, ಕೈ ಕೆಂಪಗೆ ಉಳಿದರೆ ಅನುಮಾನಪಡಿ. ಸರಿಯಾಗಿ ನೋಡಬೇಕೆಂದರೆ ಅಳತೆ ಗೆರೆಯಿರುವ ನೇರ ಗಾಜಿನ ಜಾಡಿಗೆ 50 ಮಿ.ಲೀ. ಉಪ್ಪುನೀರು ಹಾಕಿ (ಲೀಟರಿಗೆ 10 ಗ್ರಾಂ ಉಪ್ಪು), 100ರ ಗೆರೆಯವರೆಗೆ ಮರಳು ಸುರಿಯಿರಿ. ಮತ್ತೆ ಉಪ್ಪುನೀರನ್ನು 150ರವರೆಗೆ ತುಂಬಿ, ಬಾಯಿ ಮುಚ್ಚಿ ಚೆನ್ನಾಗಿ ಕುಲುಕಿ, ಮೂರು ಗಂಟೆ ಅಲುಗಾಡಿಸದೆ ಇಡಿ. ಮರಳಿನ ಮೇಲೆ ಕೆನೆಯಂತೆ ಕೂತ ಮಣ್ಣಿನ ಪದರ ಮರಳಿನ ಎತ್ತರದ ನೂರಕ್ಕೆ 8 ಪಾಲು ಮೀರಿದರೆ ಲೋಡ್ ವಾಪಸ್ ಕಳಿಸಿ.

ಮೇಸ್ತ್ರಿ ಬಿರುಕು ಕಂಡಿರುವುದು ಸುಳ್ಳಲ್ಲ. ಆದರೆ ಎಷ್ಟೋ ಕಡೆ ಎಂ-ಸ್ಯಾಂಡ್ ಎಂದು ಸುರಿದುಹೋಗುವುದು ಜಲ್ಲಿ ಒಡೆಯುವಾಗ ಉಳಿದ ಕ್ರಷರ್ ಪುಡಿ. ನಿಜವಾದ ಎಂ-ಸ್ಯಾಂಡನ್ನು ವಿಎಸ್‌ಐ ಎಂಬ ಕಲ್ಲು ಒಡೆಯುವ ಯಂತ್ರದಲ್ಲಿ ಕಲ್ಲಿಗೆ ಕಲ್ಲು ಬಡಿಸಿ, ಮೂಲೆ ಮುರಿದು, ಜರಡಿ ಹಿಡಿದು, ಧೂಳು ತೊಳೆದು ಮಾಡುತ್ತಾರೆ. ಕಾಂಕ್ರೀಟಿನ ಮರಳು-ಜಲ್ಲಿಗಿರುವ ಭಾರತೀಯ ಮಾನಕ ಐಎಸ್ 383ರ 2016ರ ಆವೃತ್ತಿ ಒಡೆದ ಕಲ್ಲಿನ ಮರಳಿನಲ್ಲಿ 75 ಮೈಕ್ರಾನ್‌ಗಿಂತ ಸಣ್ಣ ಧೂಳು ತೂಕದಲ್ಲಿ ಶೇ 15 ಮೀರಬಾರದು ಎನ್ನುತ್ತದೆ. ಕೊಳ್ಳುವಾಗ ಜರಡಿ ಪರೀಕ್ಷೆಯ ವರದಿ ಕೇಳಿ ಪಡೆಯಿರಿ.

ಒಳ್ಳೆಯ ಎಂ-ಸ್ಯಾಂಡ್ ಕೂಡ ಕೆಡುವುದು ನೀರಿನಲ್ಲಿ. ಕಣ ಒರಟು, ಒಣಗಿದ್ದರೆ ನೀರು ಹೀರುತ್ತದೆ, ಕಲಸು ಗಟ್ಟಿಯಾಗುತ್ತದೆ. ಆಗ ಕೂಲಿಯವರು ಇನ್ನೊಂದು ಬಕೆಟ್ ಸುರಿಯುತ್ತಾರೆ. ನಿಮ್ಮ ಬಿರುಕು ಹುಟ್ಟುವುದು ಆ ಬಕೆಟ್‌ನಲ್ಲಿ! ಹಿಂದಿನ ಸಂಜೆಯೇ ರಾಶಿಗೆ ನೀರು ಚಿಮುಕಿಸಿಡಿ. 50 ಕಿಲೋ ಸಿಮೆಂಟ್ ಚೀಲಕ್ಕೆ ಮರಳಿನ ಮೇಲಿನ ನೀರೂ ಸೇರಿ 27 ಲೀಟರ್ ದಾಟಬಾರದು. ಅಷ್ಟಕ್ಕೂ ಕಲಸು ಹರಿಯದಿದ್ದರೆ ನೀರಲ್ಲ, ಪ್ಲಾಸ್ಟಿಸೈಜರ್ (ನೀರು ಹೆಚ್ಚಿಸದೆ ಕಲಸನ್ನು ಸಡಿಲಗೊಳಿಸುವ ದ್ರಾವಣ) ಹಾಕಿಸಿ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ ಮೋಲ್ಡ್ ಮೇಲೆ ಕನಿಷ್ಠ 10 ದಿನ ನೀರು ನಿಲ್ಲಲಿ, ಬಿಸಿಲುಗಾಲದಲ್ಲಿ 14.

ಅಳತೆಯಲ್ಲೂ ಒಂದು ಮೋಸವಿದೆ. ಸ್ವಲ್ಪ ತೇವವಿರುವ ಮರಳು ಉಬ್ಬುತ್ತದೆ. ಶೇ 25 ಉಬ್ಬಿದ 100 ಘನ ಅಡಿಯಲ್ಲಿ ನಿಮಗೆ ಸಿಗುವುದು 80 ಅಡಿ ಮರಳು. ಆದ್ದರಿಂದ ಟನ್ ಲೆಕ್ಕದಲ್ಲಿ ಕೊಳ್ಳುವಾಗ ತೇವವನ್ನೂ, ಅಡಿ ಲೆಕ್ಕದಲ್ಲಾದರೆ ಉಬ್ಬನ್ನೂ ನೋಡಿ ದರ ಮಾತಾಡಿ.

ಗಾರೆಗೆ ಎಂ-ಸ್ಯಾಂಡ್ ಬೇಡ, ಗಾರೆಗೆಂದೇ ಸಣ್ಣಗೆ ಮಾಡಿದ ಪಿ-ಸ್ಯಾಂಡ್ ತರಿಸಿ. ಒಳಗೋಡೆಗೆ 12 ಮಿ.ಮೀ. ದಪ್ಪ, ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು ಸಾಕು. ಸಿಮೆಂಟ್ ಜಾಸ್ತಿ ಹಾಕಿದರೆ ಗಟ್ಟಿ ಎಂದು ನಂಬಿ ಒಂದಕ್ಕೆ ಮೂರು ಮೆತ್ತಿದ ಗೋಡೆಯೇ ಮೊದಲು ಕೂದಲೆಳೆಯ ಬಿರುಕು ಬಿಡುವುದು.